ಜಪಾನೀಯರ ಜೊತೆ ಕೆಲಸಕ್ಕೆ ಸೇರುವವರು ಏನು ಕಲಿಯಬೇಕು?

ಬಿಡದಿ, ನರಸಾಪುರ, ವಸಂತನರಸಾಪುರದ ಕಡೆ ಹೊಸದಾಗಿ ಕೆಲಸ ಸಿಕ್ಕಿರುವ ಡಿಪ್ಲೊಮಾ, ಬಿ.ಇ. ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "ಅಕ್ಕಾ, ಜಪಾನೀಯರ ಸಂಸ್ಕೃತಿಗೆ ಹೊಂದಿಕೊಳ್ಳೋಕೆ ಏನೇನು ಕಲೀಬೇಕು?" ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ಜಪಾನಿನಿಂದ ಬಂದ ಸಲಹೆಗಾರರಿಗೂ ನಮ್ಮ ಲೈನಿನವರಿಗೂ ನಡುವೆ ನಿಂತು ಮಾತು ದಾಟಿಸುವುದು ನನ್ನ ಕೆಲಸ. ಹಾಗಾಗಿ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ. ಎಚ್‌.ಆರ್‌.ನವರು ಇದನ್ನೇ ಸ್ವಲ್ಪ ಬೇರೆ ರೀತಿ ಕೇಳುತ್ತಾರೆ: "ಮೇಡಂ, ಅರ್ಧ ದಿನದ ಒಂದು ಟ್ರೈನಿಂಗ್ ಮಾಡಿಕೊಡ್ತೀರಾ?"

ಕೇಳುವವರ ಮನಸ್ಸಿನಲ್ಲಿರುವುದು ಎಷ್ಟು ಬಾಗಿ ನಮಸ್ಕರಿಸಬೇಕು, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹೇಗೆ ಕೊಡಬೇಕು, ಮೀಟಿಂಗಿನಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು. ಅವನ್ನೂ ಕಲಿಯಿರಿ, ಒಳ್ಳೆಯದೇ. ಆದರೆ ಅದರಲ್ಲಿ ತಪ್ಪಿದ್ದಕ್ಕೆ ಯಾವ ಆರ್ಡರೂ ಕೈಬಿಟ್ಟು ಹೋಗಿದ್ದನ್ನು ನಾನು ನೋಡಿಲ್ಲ. ಹೊರದೇಶದವರು ಜಪಾನಿನ ರೀತಿ ರಿವಾಜಿನಲ್ಲಿ ಎಡವಿದರೆ ಅಲ್ಲಿಯವರು ಸುಲಭವಾಗಿ ಮನ್ನಿಸುತ್ತಾರೆ. ನಾನು ಮೊದಲು ಕಲಿಯಿರಿ ಅನ್ನುವುದು ಒಂದೇ ಸಂಗತಿಯನ್ನು: ನೀವು ಸೇರಿದ ಜಾಗದಲ್ಲಿ ಕೆಟ್ಟ ಸುದ್ದಿ ಯಾರಿಗೆ, ಯಾವಾಗ, ಯಾವ ದಾರಿಯಲ್ಲಿ ತಲುಪುತ್ತದೆ? ನಾನು ಕಂಡ ಮನಸ್ತಾಪಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟಿದವು.

ಒಂದು ಪ್ರೆಸ್ ಶಾಪಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ತಗಡಿನಿಂದ ಒಂದು ಬ್ರಾಕೆಟ್ ಕತ್ತರಿಸುವ ಡೈ, ಅಂದರೆ ಅಚ್ಚು. ಅದರಲ್ಲಿ ತಗಡನ್ನು ಒತ್ತಿ ಕತ್ತರಿಸುವ ಭಾಗವೇ ಪಂಚ್. ಪಂಚ್‌ನ ಅಂಚು ಸವೆಯುತ್ತಾ ಬಂದರೆ ಕತ್ತರಿಸಿದ ಅಂಚಿನಲ್ಲಿ ಸಣ್ಣಗೆ ಮುಳ್ಳಿನ ಹಾಗೆ ಬರ್ ಏಳುತ್ತದೆ, ಕೈ ಸವರಿದರೆ ತಿಳಿಯುತ್ತದೆ. ಸೂಪರ್‌ವೈಸರ್ ಮಾಗಡಿ ಕಡೆಯವರು, ಪ್ರೆಸ್ ಕೆಲಸದಲ್ಲೇ ಕೂದಲು ಹಣ್ಣಾದವರು. ಮಂಗಳವಾರವೇ ಅವರಿಗೆ ಬರ್ ಗೊತ್ತಾಗಿತ್ತು. ಡೈ ಇಳಿಸಿ ಗ್ರೈಂಡಿಂಗ್‌ಗೆ ಕಳಿಸಿದರೆ ಆ ಶಿಫ್ಟಿನ ಟಾರ್ಗೆಟ್ ಹೋಗುತ್ತದೆ. ಇಬ್ಬರು ಹುಡುಗರನ್ನು ಕೂರಿಸಿ ಫೈಲ್ ಹಾಕಿಸಿ, ಅಂದರೆ ಅರದಿಂದ ಬರ್ ಉಜ್ಜಿಸಿ, ಒಂದೊಂದನ್ನೂ ತಾವೇ ನೋಡಿ, ಮೂರು ದಿನ ಮಾಲು ಕಳಿಸಿದರು. ಗ್ರಾಹಕರಿಂದ ಒಂದು ದೂರೂ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಪಂಚ್‌ನ ಮೂಲೆ ಒಡೆದುಹೋಯಿತು. ಸ್ಪೇರ್ ಇರಲಿಲ್ಲ. ಗ್ರಾಹಕರ ಲೈನಿಗೆ ಬ್ರಾಕೆಟ್ ಕೊರತೆ ಬಿತ್ತು.

ಶನಿವಾರದ ಮೀಟಿಂಗಿನಲ್ಲಿ ಜಪಾನಿನ ಸಲಹೆಗಾರರು ಪಂಚ್ ಯಾಕೆ ಒಡೆಯಿತು ಎಂದು ಕೇಳಲಿಲ್ಲ. ಕೇಳಿದ್ದು, "ಮಂಗಳವಾರ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್. ಮ್ಯಾನೇಜ್ ಮಾಡ್ತಾ ಇದ್ವಿ."

ಇಬ್ಬರ ಮುಖವೂ ಬಿಗಿಯಿತು. ಈ ಗಳಿಗೆಯನ್ನೇ ಬಿಡಿಸಿ ನೋಡಬೇಕು. ನಮ್ಮ ಸೂಪರ್‌ವೈಸರ್ ಬೆಳೆದ ರೀತಿಯಲ್ಲಿ, ತೊಂದರೆಯನ್ನು ಮೇಲಿನವರ ತನಕ ಹೋಗಗೊಡದೆ ತನ್ನ ಹೆಗಲ ಮೇಲೇ ಹೊತ್ತು ದಾಟಿಸುವವನೇ ಜವಾಬ್ದಾರಿಯ ಮನುಷ್ಯ. ಮನೆಯಲ್ಲೂ ನಾವು ಹಾಗೆಯೇ: ಅಪ್ಪನಿಗೆ ಹೇಳಬೇಡ, ಸುಮ್ಮನೆ ಚಿಂತೆ ಮಾಡ್ಕೋತಾರೆ ಅನ್ನುತ್ತೇವೆ. ಮೂರು ದಿನ ಪಟ್ಟ ಪಾಡಿಗೆ ಒಂದು ಒಳ್ಳೆಯ ಮಾತಿರಲಿ, ಕಳ್ಳನನ್ನು ವಿಚಾರಿಸಿದ ಹಾಗೆ ವಿಚಾರಿಸಿದರಲ್ಲ ಎಂದು ಅವರಿಗೆ ಅನಿಸಿತು. ಸಲಹೆಗಾರರ ಲೆಕ್ಕ ಬೇರೆ. ಮಂಗಳವಾರ ಹೇಳಿದ್ದರೆ ಸ್ಪೇರ್ ಪಂಚ್ ಮಾಡಿಸಬಹುದಿತ್ತು, ಗ್ರಾಹಕರಿಗೆ ಮುಂಚೆಯೇ ತಿಳಿಸಿ ಸ್ವಲ್ಪ ಹೆಚ್ಚಿನ ಸ್ಟಾಕ್ ಕೊಟ್ಟಿರಬಹುದಿತ್ತು, ಪುಣೆಯಿಂದಲೋ ಚೆನ್ನೈನಿಂದಲೋ ಸಹಾಯ ತರಿಸಬಹುದಿತ್ತು. ಸಹಾಯ ಮಾಡಬಲ್ಲವರ ಕೈಯಿಂದ ಮೂರು ದಿನ ಕಿತ್ತುಕೊಂಡಿದ್ದೀರಿ ಅನ್ನುವುದು ಅವರ ನೋವು. ಅವರ ಪ್ರಕಾರ ತೊಂದರೆ ಇರುವುದು ತಪ್ಪಲ್ಲ, ತೊಂದರೆ ಕಾಣದಂತೆ ಇರುವುದು ತಪ್ಪು. ಇಬ್ಬರೂ ಪ್ರಾಮಾಣಿಕರು, ಇಬ್ಬರಿಗೂ ಕೆಲಸದ ಮೇಲೆ ಪ್ರೀತಿ. ಅರ್ಧ ದಿನದ ಟ್ರೈನಿಂಗ್ ಕೊಟ್ಟು ಇವರಲ್ಲಿ ಯಾರನ್ನು ತಿದ್ದುತ್ತೀರಿ?

ಆ ಶಾಪಿನಲ್ಲಿ ಯಾರನ್ನೂ ತಿದ್ದಲು ಹೋಗಲಿಲ್ಲ. ಪ್ರೆಸ್ಸಿನ ಪಕ್ಕದಲ್ಲೇ ಒಂದು ಬೋರ್ಡ್ ಹಾಕಿದರು. ಎರಡು ಗಂಟೆಗೊಮ್ಮೆ ಒಂದು ಬ್ರಾಕೆಟ್ ತೆಗೆದು ಬರ್ ಎಷ್ಟಿದೆ ಅಳೆದು ಬರೆಯಬೇಕು. ಗೆರೆ ದಾಟಿದರೆ ಹಸಿರು ಮ್ಯಾಗ್ನೆಟ್ ತೆಗೆದು ಕೆಂಪು ಅಂಟಿಸಬೇಕು. ಕೆಂಪು ಕಂಡರೆ ಟೂಲ್ ರೂಮಿನಿಂದ ಯಾರು ಬರಬೇಕು, ಎಷ್ಟು ನಿಮಿಷದೊಳಗೆ ಬರಬೇಕು, ಅವರ ಇಂಟರ್‌ಕಾಂ ನಂಬರ್ ಏನು ಎಲ್ಲ ಅಲ್ಲೇ ಬರೆದಿತ್ತು. ಈಗ ಕಿರಿಯರು ಹಿರಿಯರ ಮುಂದೆ ಹೋಗಿ ನಿಂತು "ಸರ್, ಒಂದು ತೊಂದರೆಯಾಗಿದೆ" ಅನ್ನಬೇಕಿಲ್ಲ, ಅಳತೆಯೇ ಹೇಳುತ್ತದೆ. ಆದರೆ ಬೋರ್ಡಿಗಿಂತ ಹೆಚ್ಚು ಕೆಲಸ ಮಾಡಿದ್ದು ಪ್ಲಾಂಟ್ ಮ್ಯಾನೇಜರ್ ಆಡಿದ ಮಾತು. ಮೊದಲ ಸಲ ಕೆಂಪು ಬಿದ್ದಾಗ ಎಲ್ಲರ ಕಣ್ಣೂ ಅವರ ಮೇಲಿತ್ತು. ಅವರು ಬಂದವರೇ, "ಬೇಗ ಹಾಕಿದ್ದು ಒಳ್ಳೇದಾಯ್ತು, ಈಗ ಏನು ಬೇಕು ಹೇಳಿ" ಅಂದರು. ಅವತ್ತು ಅವರು ರೇಗಿದ್ದರೆ ಆಮೇಲೆ ಆ ಬೋರ್ಡಿನಲ್ಲಿ ಬರೀ ಹಸಿರೇ ಇರುತ್ತಿತ್ತು, ಪಕ್ಕದಲ್ಲಿ ಹುಡುಗರು ಫೈಲ್ ಹಾಕುತ್ತಾ ಕೂತಿರುತ್ತಿದ್ದರು.

ಇದು ನಮ್ಮ ಕಡೆಯವರಿಗೆ ಮಾತ್ರ ಬೇಕಾದ ವ್ಯವಸ್ಥೆ ಅಂದುಕೊಳ್ಳಬೇಡಿ. ಮೇಲಿನವರ ಮುಂದೆ ಎದುರು ಮಾತಾಡಲು ಜಪಾನಿನ ಕಾರ್ಮಿಕರೂ ಹಿಂಜರಿಯುತ್ತಾರೆ, ಬಹುಶಃ ನಮಗಿಂತ ಹೆಚ್ಚೇ. ಅದಕ್ಕೇ ಟೊಯೊಟಾದ ಲೈನಿನಲ್ಲಿ ಆಂಡನ್ ಹಗ್ಗ (ಈಗ ಕೆಲವು ಕಡೆ ಗುಂಡಿ) ಇರುವುದು. ಕೆಲಸದಲ್ಲಿ ಏನಾದರೂ ಸರಿ ಕಾಣದಿದ್ದರೆ ಯಾರು ಬೇಕಾದರೂ ಎಳೆಯಬಹುದು. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾರೆ. ಗಾಡಿ ಆ ಸ್ಟೇಷನ್ನಿನ ಕೊನೆಯ ಗೆರೆ ಮುಟ್ಟುವುದರೊಳಗೆ ಸರಿಹೋದರೆ ಲೈನ್ ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ.

ಈ ಹಗ್ಗ ಬೇರೆ ನೆಲದಲ್ಲಿ ನಡೆಯುತ್ತದಾ ಅನ್ನುವುದಕ್ಕೆ ನಾನು ಯಾವಾಗಲೂ ಕ್ಯಾಲಿಫೋರ್ನಿಯಾದ ಫ್ರಿಮಾಂಟ್ ಕಾರ್ಖಾನೆಯ ಕಥೆ ಹೇಳುತ್ತೇನೆ. ಅಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆಯಿತ್ತು. ಜಗಳ, ಮುಷ್ಕರ, ಗೈರುಹಾಜರಿ, ಕಳಪೆ ಗುಣಮಟ್ಟ ಎಲ್ಲಕ್ಕೂ ಹೆಸರಾಗಿದ್ದ ಅದು 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಕೂಡಿ ಅದೇ ಜಾಗದಲ್ಲಿ ನುಮ್ಮಿ ಎಂಬ ಜಂಟಿ ಕಂಪನಿಯಲ್ಲಿ ಕಾರು ಮಾಡಲು ಶುರುಮಾಡಿದವು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು, ಅದೇ ಯುನೈಟೆಡ್ ಆಟೋ ವರ್ಕರ್ಸ್ ಯೂನಿಯನ್. ನೂರಾರು ಜನರನ್ನು ಜಪಾನಿನ ತಕಾಓಕಾ ಕಾರ್ಖಾನೆಗೆ ಕಳಿಸಿ ಅಲ್ಲಿಯ ಲೈನಿನಲ್ಲಿ ಕೆಲಸ ಮಾಡಿಸಿದರು. ಸ್ವಲ್ಪ ಕಾಲದಲ್ಲೇ ಆ ಕಾರುಗಳ ಗುಣಮಟ್ಟ ಜಪಾನಿನಲ್ಲಿ ತಯಾರಾದವಕ್ಕೆ ಹತ್ತಿರ ಬಂತು, ಗೈರುಹಾಜರಿ ತೀರಾ ಇಳಿಯಿತು. ಅಮೆರಿಕದ ಕಾರ್ಮಿಕರು ಜಪಾನೀಯರಾಗಿ ಬದಲಾಗಿರಲಿಲ್ಲ. ಹಗ್ಗ ಎಳೆದಾಗ ಬೈಯಲು ಬರುವವರ ಬದಲು ಸಹಾಯಕ್ಕೆ ಬರುವವರು ಇದ್ದರು, ಅಷ್ಟೇ.

ಇನ್ನೊಂದು ಸಂಗತಿಯೂ ಇತ್ತು. ಮ್ಯಾನೇಜ್‌ಮೆಂಟ್ ಟ್ರೈನಿಂಗಿನಲ್ಲಿ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಕೆಲಸದಿಂದ ತೆಗೆಯುವುದು ಕಟ್ಟಕಡೆಯ ದಾರಿ ಎಂದು ನುಮ್ಮಿ ಯೂನಿಯನ್ ಜೊತೆಗಿನ ಒಪ್ಪಂದದಲ್ಲೇ ಮಾತು ಕೊಟ್ಟಿತ್ತು. 1980ರ ದಶಕದ ಕೊನೆಯಲ್ಲಿ ಕಾರುಗಳ ಬೇಡಿಕೆ ಬಿದ್ದಾಗ ಆ ಮಾತನ್ನು ನಡೆಸಿಕೊಟ್ಟಿತು. ಕೈಗೆ ಕೆಲಸವಿಲ್ಲದವರನ್ನು ತರಬೇತಿಗೆ, ಸುಧಾರಣೆ ಕೆಲಸಕ್ಕೆ ಹಚ್ಚಿತು. ಹಗ್ಗ ಎಳೆಯುವ ಧೈರ್ಯ ಬಂದದ್ದು ಇಲ್ಲಿಂದ. ನಮ್ಮಲ್ಲಿ ಎಷ್ಟೋ ಲೈನುಗಳನ್ನು ನಡೆಸುತ್ತಿರುವವರು ಕಾಂಟ್ರ್ಯಾಕ್ಟ್ ಮೇಲೆ ಬಂದ ಹುಡುಗರು, ಅಪ್ರೆಂಟಿಸ್‌ಗಳು. ಬರುವ ತಿಂಗಳು ಗೇಟ್ ಪಾಸ್ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಹುಡುಗ ಲೈನ್ ನಿಲ್ಲಿಸಿ ಎಲ್ಲರ ಕಣ್ಣಿಗೆ ಬೀಳಲಿ ಎಂದು ನಾವು ಬಯಸುವುದು ಅನ್ಯಾಯ. "ಇಂಡಿಯನ್ನರು ತೊಂದರೆ ಮುಚ್ಚಿಡುತ್ತಾರೆ, ಅದು ಅವರ ಸಂಸ್ಕೃತಿ" ಎಂದು ಯಾರಾದರೂ ಅಂದರೆ, ಆ ಹುಡುಗನ ಕಾಂಟ್ರ್ಯಾಕ್ಟ್ ಎಷ್ಟು ತಿಂಗಳದ್ದು ಎಂದು ನಾನು ಮೊದಲು ಕೇಳುತ್ತೇನೆ.

ಬಿಡದಿಯ ವಿಷಯವೂ ಇದಕ್ಕೆ ಸೇರಿದ್ದೇ. ಟೊಯೊಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಹುಟ್ಟಿತು, 1999ರ ಕೊನೆಗೆ ಕ್ವಾಲಿಸ್ ಕಾರು ತಯಾರಾಗತೊಡಗಿತು. 2007ರಲ್ಲಿ ಅವರು ಅಲ್ಲೇ ತೆರೆದ ತರಬೇತಿ ಸಂಸ್ಥೆಯಲ್ಲಿ ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳು ಮೂರು ವರ್ಷ ಅಲ್ಲೇ ಉಳಿದು ಕಲಿಯುತ್ತಾರೆ. ಅಲ್ಲಿ ಕಲಿತವರ ಕೈಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದೇ ಬಿಡದಿಯಲ್ಲಿ 2006ರ ಜನವರಿ, 2014ರ ಮಾರ್ಚ್, 2020ರ ನವೆಂಬರ್ ಹೀಗೆ ಮತ್ತೆ ಮತ್ತೆ ಲಾಕ್‌ಔಟ್ ಆಗಿದೆ. ಅಷ್ಟು ಸಲವೂ "ಜಪಾನಿನ ಶಿಸ್ತಿಗೂ ನಮ್ಮವರಿಗೂ ಹೊಂದಾಣಿಕೆ ಆಗಲ್ಲ" ಅನ್ನುವ ಮಾತು ಕೇಳಿಬಂತು. ಯೂನಿಯನ್ ಎತ್ತಿದ್ದು ಸಂಬಳ, ಕೆಲಸದ ಒತ್ತಡ, ಅಮಾನತು ಇಂಥ ಪ್ರಶ್ನೆಗಳನ್ನು. ಇವು ಯಾವ ದೇಶದ ಕಾರ್ಖಾನೆಯಲ್ಲೂ ಏಳುವಂಥವು. ಹಣದ, ಅಧಿಕಾರದ ಪ್ರಶ್ನೆಗೆ ಸಂಸ್ಕೃತಿಯ ಹೆಸರಿಟ್ಟುಬಿಟ್ಟರೆ ಅದಕ್ಕೆ ಉತ್ತರ ಕೊಡುವ ಕೆಲಸ ತಪ್ಪುತ್ತದೆ. ಹಾಗೆ ತಪ್ಪಿಸಿಕೊಳ್ಳುವುದಕ್ಕೆ ನನ್ನಂಥ ನಡುವಿನವರನ್ನು ಬಳಸಿಕೊಳ್ಳಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಮೆರಿಕದ ಅಂಗಡಿ ಕಂಪನಿ ವಾಲ್‌ಮಾರ್ಟ್ ಜರ್ಮನಿಯಲ್ಲಿ ಸೋತ ಕಥೆಯನ್ನೂ ಜನ ಹೀಗೆಯೇ ಅರ್ಧ ಹೇಳುತ್ತಾರೆ. 1997ರಲ್ಲಿ ಹೋದರು, 2006ರಲ್ಲಿ 85 ಅಂಗಡಿಗಳನ್ನು ಜರ್ಮನಿಯದೇ ಅಂಗಡಿ ಕಂಪನಿ ಮೆಟ್ರೋಗೆ ಮಾರಿ ಬಂದರು. ಅಂಗಡಿಯವರು ಮುಗುಳ್ನಗುವುದು ಜರ್ಮನರಿಗೆ ಹಿಡಿಸಲಿಲ್ಲ ಅನ್ನುವುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅಲ್ಲಿಯದೇ ಅಂಗಡಿಗಳಾದ ಆಲ್ಡಿ, ಲಿಡ್ಲ್ ಅಷ್ಟು ಹೊತ್ತಿಗಾಗಲೇ ಅಗ್ಗದ ಬೆಲೆಯಲ್ಲಿ ಭದ್ರವಾಗಿ ಬೇರೂರಿದ್ದವು ಅನ್ನುವುದು ಮರೆತುಹೋಗುತ್ತದೆ. ಅಮೆರಿಕದಲ್ಲಿ ಬರೆದ ನೀತಿಸಂಹಿತೆಯನ್ನು ಕಾರ್ಮಿಕರು ಆರಿಸಿದ ಪ್ರತಿನಿಧಿಗಳ ಸಮಿತಿಯಾದ ವರ್ಕ್ಸ್ ಕೌನ್ಸಿಲ್ ಒಪ್ಪಿಗೆಯಿಲ್ಲದೆ ಜಾರಿ ಮಾಡಲು ಹೋಗಿ 2005ರಲ್ಲಿ ವುಪರ್ಟಾಲ್‌ನ ಕೋರ್ಟಿನಲ್ಲಿ ಸೋತರು ಅನ್ನುವುದೂ ಮರೆತುಹೋಗುತ್ತದೆ. ಆ ಕೌನ್ಸಿಲ್ ಜರ್ಮನಿಯ ಕಾನೂನು ಕೊಟ್ಟ ಹಕ್ಕು. ಹೋಗುವ ಮುಂಚೆ ಓದಿಕೊಳ್ಳಬಹುದಾದದ್ದು.

ಇನ್ನು ಜಪಾನೀಯರ ಬಗ್ಗೆ ನಮ್ಮ ಕಡೆಯವರ ದೊಡ್ಡ ದೂರು: "ಅವರು ನಿರ್ಧಾರವನ್ನೇ ತಗೊಳ್ಳಲ್ಲ, ಮೀಟಿಂಗಿನಲ್ಲಿ ತಲೆ ಆಡಿಸಿ ಹೋಗ್ತಾರೆ." ನಿರ್ಧಾರ ಆಗುವ ಜಾಗ ಮೀಟಿಂಗ್ ಅಲ್ಲ ಎಂದು ಗೊತ್ತಿದ್ದರೆ ಈ ದೂರಿನ ಬಹುಭಾಗ ಕರಗುತ್ತದೆ. ನಮ್ಮಲ್ಲಿ ಮೀಟಿಂಗಿಗೆ ಬಂದು ವಾದ ಮಾಡಿ ಗೆಲ್ಲುತ್ತೇವೆ. ಅವರಲ್ಲಿ ವಾದವೆಲ್ಲ ಅದಕ್ಕೂ ಮೊದಲೇ ಒಬ್ಬೊಬ್ಬರ ಮೇಜಿನ ಹತ್ತಿರ ಮುಗಿದಿರುತ್ತದೆ. ಇದನ್ನು ನೆಮವಾಶಿ ಅನ್ನುತ್ತಾರೆ. ಮೊದಲೇ ತಿಳಿಸದೆ ಮೀಟಿಂಗಿನಲ್ಲಿ ಹೊಸ ಪ್ರಸ್ತಾಪ ಇಟ್ಟರೆ, ಅದು ಎಷ್ಟೇ ಚೆನ್ನಾಗಿರಲಿ, ಅವರು ಅಲ್ಲಿ ಒಪ್ಪಿಕೊಳ್ಳಲಾರರು, ಬೇಡ ಎಂದು ಮುಖಕ್ಕೆ ಹೇಳಲೂ ಆರರು.

ಒಬ್ಬ ಯುವ ಎಂಜಿನಿಯರ್ ಇದನ್ನು ತುಂಬ ಚೆನ್ನಾಗಿ ಹಿಡಿದುಕೊಂಡಿದ್ದನ್ನು ನೋಡಿದ್ದೇನೆ. ವೆಲ್ಡಿಂಗ್ ಮಾಡುವಾಗ ಭಾಗಗಳನ್ನು ಹಿಡಿದಿಡುವ ಫಿಕ್ಸ್‌ಚರ್ ಬದಲಾಯಿಸಬೇಕು ಅನ್ನುವುದು ಆಕೆಯ ಪ್ರಸ್ತಾಪ. ಹತ್ತಾರು ಸ್ಲೈಡ್ ಮಾಡುವ ಬದಲು ಒಂದೇ ಎ3 ಹಾಳೆ: ಎಡಗಡೆ ಈಗಿನ ಸ್ಥಿತಿ, ಕಾರಣ, ಬಲಗಡೆ ಪರಿಹಾರ, ಖರ್ಚು, ಯಾವಾಗ ಮುಗಿಯುತ್ತದೆ ಅನ್ನುವುದು. ಆ ಹಾಳೆಯನ್ನು ಪೆನ್ಸಿಲ್ಲಿನಲ್ಲೇ ಬರೆದಿದ್ದಳು. ಕ್ವಾಲಿಟಿಯವರ ಹತ್ತಿರ ಹೋದಳು, ಅವರು ಒಂದು ಅಳತೆ ಸೇರಿಸು ಅಂದರು, ಅಲ್ಲೇ ತಿದ್ದಿದಳು. ಮೇಂಟೆನೆನ್ಸ್‌ನವರು ಖರ್ಚು ಕಡಿಮೆ ಹಾಕಿದ್ದೀಯಮ್ಮಾ ಅಂದರು, ಅದನ್ನೂ ತಿದ್ದಿದಳು. ಸಲಹೆಗಾರರ ಹತ್ತಿರ ಹೋಗುವ ಹೊತ್ತಿಗೆ ಹಾಳೆಯ ತುಂಬ ಅಳಿಸಿದ ಗುರುತು. ಅವರು ಆ ಗುರುತುಗಳನ್ನೇ ಬೆರಳಿಟ್ಟು ತೋರಿಸಿ, ಇದು ಯಾರು ಹೇಳಿದ್ದು, ಇದು ಯಾರು ಹೇಳಿದ್ದು ಎಂದು ಕೇಳಿದರು. ಮೀಟಿಂಗ್ ಬೇಗನೆ ಮುಗಿಯಿತು. ಒಪ್ಪಿಗೆಗೆ ಹಿಡಿದ ಕಾಲ ಹೆಚ್ಚಾಯಿತು ನಿಜ, ಆದರೆ ಕೆಲಸ ಶುರುವಾದ ಮೇಲೆ ಯಾರೂ ಅಡ್ಡ ಬರಲಿಲ್ಲ. ಅವಸರದ ರಿಪೇರಿಗೆ ಈ ದಾರಿ ಹೊಂದುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅಂಥ ಕಡೆ ನಮ್ಮವರ ಚುರುಕುತನವೇ ಲೇಸು, ಅದನ್ನು ಮೆಚ್ಚಿ ಕಲಿತ ಜಪಾನೀಯರೂ ಇದ್ದಾರೆ.

ಹಾಗಾದರೆ ಸೇರಿದ ಮೊದಲ ವಾರ ಏನು ಮಾಡಬೇಕು? ನಿಮ್ಮ ಲೈನಿನಲ್ಲಿ ಕಳೆದ ಸಲ ದೊಡ್ಡ ತೊಂದರೆ ಆದಾಗ ಮೊದಲು ಕಂಡವರು ಯಾರು, ಮೇಲಿನವರಿಗೆ ತಿಳಿದದ್ದು ಎಷ್ಟು ಹೊತ್ತಿಗೆ, ಹೇಳಿದವರಿಗೆ ಆಮೇಲೆ ಏನಾಯಿತು, ಇಷ್ಟನ್ನು ಹಳಬರನ್ನು ಕೇಳಿ. ಕಂಪನಿಯ ಸಂಸ್ಕೃತಿ ಏನೆಂದು ಆ ಮೂರು ಉತ್ತರಗಳಲ್ಲಿ ತಿಳಿಯುತ್ತದೆ.

ಆಮೇಲೆ ಕ್ಯಾಲೆಂಡರ್ ನೋಡಿ. ಜಪಾನಿನ ಕಂಪನಿಗಳಲ್ಲಿ ವರ್ಗಾವಣೆಗಳು ಹೆಚ್ಚಾಗಿ ಏಪ್ರಿಲ್‌ಗೆ ಜಾರಿಯಾಗುತ್ತವೆ, ನಮಗೂ ಆರ್ಥಿಕ ವರ್ಷ ಮುಗಿಯುವ ಗಡಿಬಿಡಿಯ ಹೊತ್ತು ಅದು. ಕೆಲವು ವರ್ಷ ಜೊತೆಗಿದ್ದು ನಿಮ್ಮ ಬೋರ್ಡು, ನಿಮ್ಮ ಜನ, ನಿಮ್ಮ ಮಾತಿನ ಧಾಟಿ ಎಲ್ಲ ಅರಿತ ಸಲಹೆಗಾರರು ಊರಿಗೆ ಮರಳುತ್ತಾರೆ, ಹೊಸಬರು ಬಂದು ಎಲ್ಲವನ್ನೂ ಮೊದಲಿನಿಂದ ಕೇಳುತ್ತಾರೆ. ಹೊಂದಾಣಿಕೆ ಒಬ್ಬರ ಸ್ನೇಹದ ಮೇಲೆ ಮಾತ್ರ ನಿಂತಿದ್ದರೆ ಅವರ ಜೊತೆಗೇ ವಿಮಾನ ಹತ್ತುತ್ತದೆ. ಆದ್ದರಿಂದ ಯಾವ ತೊಂದರೆಗೆ ಯಾರು ಬರುತ್ತಾರೆ, ಯಾವ ನಿರ್ಧಾರಕ್ಕೆ ಯಾರನ್ನು ಮೊದಲು ಕಾಣಬೇಕು ಅನ್ನುವುದನ್ನು ಫೆಬ್ರವರಿಯೊಳಗೆ ಕನ್ನಡದಲ್ಲೂ ಜಪಾನಿ ಭಾಷೆಯಲ್ಲೂ ಒಂದೇ ಹಾಳೆಯ ಮೇಲೆ ಬರೆಸಿಡಿ. ಹೋಗುವವರು, ಬರುವವರು, ಲೈನಿನ ಸೂಪರ್‌ವೈಸರ್ ಮೂವರನ್ನೂ ಒಂದು ದಿನ ಬೋರ್ಡಿನ ಮುಂದೆ ಒಟ್ಟಿಗೆ ನಿಲ್ಲಿಸಿ ಅದನ್ನು ಓದಿಸಿ. ಮಾರ್ಚ್‌ನಲ್ಲಿ ಆ ಒಂದು ದಿನ ಬಿಡುವು ಮಾಡಿಕೊಡಿ ಎಂದು ನಿಮ್ಮ ಮ್ಯಾನೇಜರನ್ನು ಈಗಲೇ ಕೇಳಿ.