ಎಡವೆಂದರೆ ದೇವರ ಎಡ: ಥಿಯಾನ್ ಹಾಕ್ ಕೆಂಗ್‌ನಲ್ಲಿ ಒಂದು ಬೆಳಗು

ಸಿಂಗಪುರದ ಲಿಟಲ್ ಇಂಡಿಯಾದಿಂದ ಡೌನ್‌ಟೌನ್ ಲೈನ್ ಹಿಡಿದರೆ ತೆಲೋಕ್ ಆಯರ್ ಆರನೇ ಸ್ಟೇಷನ್ನು. ನಡುವೆ ರೈಲು ಬದಲಿಸಬೇಕಾಗಿಲ್ಲ. ಮೇಲೆ ಬಂದರೆ ಸುತ್ತ ಬ್ಯಾಂಕುಗಳ ಗಾಜಿನ ಗೋಪುರಗಳು. ಅವುಗಳ ಕಾಲಬುಡದಲ್ಲಿ, ಹಾರಲು ರೆಕ್ಕೆ ಎತ್ತಿದಂಥ ಸೂರಿನ ಒಂದು ತಗ್ಗು ಕಟ್ಟಡ. ಅದೇ ಥಿಯಾನ್ ಹಾಕ್ ಕೆಂಗ್, ಚೀನಾದ ಫುಜಿಯನ್ ಪ್ರಾಂತದಿಂದ ಬಂದ ಹೊಕ್ಕಿಯನ್ ಜನರು ಸಿಂಗಪುರದಲ್ಲಿ ಕಟ್ಟಿದ ಹಳೆಯ ದೇವಸ್ಥಾನ. ಹೆಸರಿನ ಅರ್ಥ ‘ಸ್ವರ್ಗಸುಖದ ಅರಮನೆ’. ಬೆಳಗ್ಗೆ 7.30ಕ್ಕೆ ಬಾಗಿಲು ತೆರೆಯುತ್ತದೆ, ಪ್ರವೇಶಕ್ಕೆ ದುಡ್ಡಿಲ್ಲ. ಎಂಟರ ಸುಮಾರಿಗೆ ಹೋದರೆ ಆಫೀಸಿಗೆ ಹೊರಟವರು ಎರಡು ನಿಮಿಷ ನಿಂತು ಕೈಮುಗಿದು ಹೋಗುವುದನ್ನು ನೋಡಬಹುದು. ಹತ್ತರ ಮೇಲೆ ಪ್ರವಾಸಿಗರ ಗುಂಪುಗಳು ಬರುತ್ತವೆ. ಚಾಂದ್ರಮಾನದ ಪಾಡ್ಯ ಮತ್ತು ಹುಣ್ಣಿಮೆಯ ದಿನ ಜನಜಂಗುಳಿ. ಪೂಜೆಯ ಕ್ರಮ ನೋಡಬೇಕೆಂದವರು ಆ ದಿನ ಹೋಗಲಿ, ಮರಗೆತ್ತನೆ ನೋಡಬೇಕೆಂದವರು ಬೇರೆ ದಿನ.

ಮೊದಲ ಎಡವಟ್ಟು ಆಗುವುದು ಚಪ್ಪಲಿಯಲ್ಲಿ. ನಮ್ಮ ಕಡೆಯವರು ಬಾಗಿಲಲ್ಲೇ ಬಗ್ಗಿ ಚಪ್ಪಲಿ ಬಿಡಲು ನೋಡುತ್ತಾರೆ. ಬೇಡ, ಚೀನೀ ದೇಗುಲದೊಳಗೆ ಕಾಲಲ್ಲಿ ಇದ್ದದ್ದನ್ನು ಹಾಕಿಕೊಂಡೇ ಹೋಗುವುದು ವಾಡಿಕೆ. ಅಲ್ಲಿ ಜಾಗ್ರತೆ ಬೇಕಾದ್ದು ಹೊಸ್ತಿಲಿಗೆ. ಮರದ ಹೊಸ್ತಿಲು ಸಾಕಷ್ಟು ಎತ್ತರ, ದಾಟಲು ಕಾಲು ಚೆನ್ನಾಗಿಯೇ ಎತ್ತಬೇಕು. ಅದನ್ನು ತುಳಿಯಬಾರದು ಎಂಬುದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಎತ್ತರಕ್ಕೆ ಎರಡು ಕಾರಣ ಕೊಡುತ್ತಾರೆ: ಅಲೆಯುವ ದೆವ್ವಗಳು ಅದನ್ನು ದಾಟಲಾರವು ಎನ್ನುವುದು ಒಂದು, ಒಳಬರುವವನು ಕಾಲಡಿ ನೋಡಿಕೊಳ್ಳುತ್ತ ತಾನಾಗಿಯೇ ತಲೆ ಬಾಗಿಸುತ್ತಾನೆ ಎನ್ನುವುದು ಇನ್ನೊಂದು. ಎರಡನೆಯದು ಪ್ರತಿ ನಿಮಿಷವೂ ಕಣ್ಣೆದುರೇ ನಡೆಯುತ್ತಿರುತ್ತದೆ.

ಯಾವ ಬಾಗಿಲಿಂದ ಒಳಗೆ ಹೋಗಬೇಕು? ನಡುಬಾಗಿಲು ದೇವರದು. ಭಕ್ತರು ಡ್ರ್ಯಾಗನ್ ಬದಿಯಿಂದ ಒಳಗೆ ಬಂದು ಹುಲಿಯ ಬದಿಯಿಂದ ಹೊರಗೆ ಹೋಗಬೇಕು. ಹುಲಿಯ ಬಾಯಿಂದ ಹೊರಬಿದ್ದವನು ಅಪಾಯ ತಪ್ಪಿಸಿಕೊಂಡಂತೆ ಎಂದು ಲೆಕ್ಕ. ಡ್ರ್ಯಾಗನ್ ಇರುವುದು ಎಡಕ್ಕೆ, ಹುಲಿ ಬಲಕ್ಕೆ ಎಂದು ಪುಸ್ತಕಗಳು ಬರೆಯುತ್ತವೆ. ಅದನ್ನೇ ನಂಬಿ ಎಡಗಡೆಯಿಂದ ನುಗ್ಗಿದರೆ ಎದುರಿಂದ ಹೊರಬರುವವರಿಗೆ ಡಿಕ್ಕಿ. ಏಕೆಂದರೆ ಇಲ್ಲಿ ಎಡಬಲವನ್ನು ಎಣಿಸುವುದು ಒಳಗೆ ಕೂತ ದೇವರ ಕಡೆಯಿಂದ. ದೇವರ ಎಡ ನಮ್ಮ ಬಲ. ದೇವರಿಗೆ ಬೆನ್ನು ಮಾಡಿ ಒಮ್ಮೆ ಬೀದಿಯತ್ತ ನಿಂತು ನೋಡಿದರೆ ಸಾಕು, ಇಡೀ ದೇವಸ್ಥಾನದ ಲೆಕ್ಕ ಸರಿಹೋಗುತ್ತದೆ. ಎಡ ಹೆಚ್ಚು, ಬಲ ಕಡಿಮೆ. ಬಾಗಿಲ ಕಲ್ಲಿನ ಸಿಂಹಗಳಲ್ಲಿ ಚೆಂಡಿನ ಮೇಲೆ ಪಂಜ ಇಟ್ಟ ಗಂಡು ನಿಲ್ಲುವುದು ಆ ಎಡಕ್ಕೆ, ಮರಿಯನ್ನು ಅದುಮಿ ಹಿಡಿದ ಹೆಣ್ಣು ಬಲಕ್ಕೆ. ದಕ್ಷಿಣ ಚೀನಾದ ಶಿಲ್ಪಿಗಳು ಇಂಥ ಸಿಂಹಗಳ ಬಾಯೊಳಗೆ ಉರುಳುವ ಕಲ್ಲುಗುಂಡನ್ನು ಕೆತ್ತುವುದೂ ಉಂಟು. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಕಂಬಗಳಲ್ಲಿ ಸಿಂಹದ ಬಾಯೊಳಗೆ ಬೆರಳಿಟ್ಟು ಗುಂಡು ಆಡಿಸಿದವರಿಗೆ ಅದರ ಕಷ್ಟ ಗೊತ್ತು.

ಒಳಗೆ ಅಂಗಳ, ಅದರಾಚೆ ಮುಖ್ಯ ಗುಡಿ. ಅಲ್ಲಿ ಕೂತವಳು ಮಾಜು, ಕಡಲ ತಾಯಿ. ಫುಜಿಯನ್ ಪ್ರಾಂತದ ಮೇಯ್‌ಜೋ ದ್ವೀಪದಲ್ಲಿ 960ರಲ್ಲಿ ಹುಟ್ಟಿದ ಲಿನ್ ಎಂಬ ಮನೆತನದ ಹುಡುಗಿ ದೇವತೆಯಾದಳು ಎಂದು ಪ್ರತೀತಿ. ಪಕ್ಕದಲ್ಲಿ ಅವಳ ಇಬ್ಬರು ಭಂಟರು: ಹುಬ್ಬಿಗೆ ಕೈ ಅಡ್ಡ ಹಿಡಿದವನು ಸಾವಿರ ಹರದಾರಿ ಕಾಣುವವನು, ಕಿವಿಗೆ ಕೈ ಒಡ್ಡಿದವನು ಗಾಳಿಯಲ್ಲಿ ಬಂದ ಸದ್ದು ಹಿಡಿಯುವವನು. ಹಡಗಿನವರ ದೇವರಿಗೆ ಇದಕ್ಕಿಂತ ತಕ್ಕ ಸಹಾಯಕರು ಸಿಗಲಾರರು. ಈಗಿನ ತೆಲೋಕ್ ಆಯರ್ ಬೀದಿ ಆಗ ಕಡಲ ದಂಡೆ. 1880ರ ದಶಕದಲ್ಲಿ ಮಣ್ಣು ತುಂಬಿಸಿ ಸಮುದ್ರವನ್ನು ದೂರ ಸರಿಸಿದರು. ಅದಕ್ಕೆ ಮೊದಲು ಚೀನಾದಿಂದ ಹಾಯಿಹಡಗಿನಲ್ಲಿ ಬಂದವರು ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಇದೇ ಬಾಗಿಲು. ಜೀವಸಹಿತ ಮುಟ್ಟಿದ ಹರಕೆ ಮೊದಲು ಇಲ್ಲಿ ತೀರುತ್ತಿತ್ತು. ಗುಡಿ ಎದ್ದದ್ದು 1839ರಿಂದ 1842ರವರೆಗೆ. ದುಡ್ಡು ಕೊಟ್ಟವರಲ್ಲಿ ಮುಂದಾಳು ತಾನ್ ಟಾಕ್ ಸೆಂಗ್. ಅವರ ಹೆಸರಿನ ಆಸ್ಪತ್ರೆಯನ್ನು ಸಿಂಗಪುರದ ಕನ್ನಡಿಗರೆಲ್ಲ ಬಲ್ಲರು.

ಊದುಬತ್ತಿಯ ಕ್ರಮ ಹೀಗೆ. ಒಂದು ಕುಂಡಕ್ಕೆ ಮೂರು ಕಡ್ಡಿ. ದೀಪಕ್ಕೆ ಹಿಡಿದು ಹೊತ್ತಿಸಿದ ಮೇಲೆ ಜ್ವಾಲೆಯನ್ನು ಊದಿ ಆರಿಸಬಾರದು. ಬಾಯಿಯ ಉಸಿರು ಮೈಲಿಗೆ, ನಮ್ಮ ಎಂಜಲಿನ ಲೆಕ್ಕವೇ. ಕಡ್ಡಿಯನ್ನು ಮೆಲ್ಲಗೆ ಮೇಲೆಕೆಳಗೆ ಆಡಿಸಿದರೆ ಅಥವಾ ಕೈಯಿಂದ ಗಾಳಿ ಬೀಸಿದರೆ ಜ್ವಾಲೆ ಆರಿ ಕೆಂಡ ಉಳಿಯುತ್ತದೆ. ಮೊದಲ ಮೂರು ಕಡ್ಡಿ ಮಾಜುವಿಗಲ್ಲ, ಆಕಾಶದ ಒಡೆಯನಿಗೆ. ಗುಡಿಗೆ ಬೆನ್ನು ಹಾಕಿ, ಹೊರಗಿನ ಬಾನಿನತ್ತ ಮುಖ ಮಾಡಿ, ಎರಡೂ ಕೈಯಲ್ಲಿ ಕಡ್ಡಿಯನ್ನು ಹಣೆಯ ಮಟ್ಟಕ್ಕೆ ಎತ್ತಿ ಮೂರು ಸಲ ಬಾಗಬೇಕು. ಆಮೇಲೆ ತಿರುಗಿ ಮಾಜು, ಅಲ್ಲಿಂದ ಅಕ್ಕಪಕ್ಕದವರು: ಕೆಂಪು ಮುಖದ ಸೇನಾನಿ ಗುವಾನ್ ಗೊಂಗ್ ಮತ್ತು ವೈದ್ಯದೇವರು ಬಾವೊಶೆಂಗ್ ದಾದಿ. ಕೊನೆಗೆ ಹಿಂದಿನ ಗುಡಿಯ ಗುವಾನ್‌ಯಿನ್. ಅವಳು ಬೌದ್ಧರ ಕರುಣಾದೇವಿ, ತಾವೋ ಮಂದಿರದಲ್ಲಿ ಹೇಗೆ ಬಂದಳು ಎಂದು ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕನ್‌ಫ್ಯೂಷಿಯಸ್ಸನೂ ಇದೇ ಆವರಣದಲ್ಲಿದ್ದಾನೆ. ಸಿಂಗಪುರದ 2020ರ ಜನಗಣತಿಯಲ್ಲಿ ತಾವೋ ಧರ್ಮ ಎಂದು ಬರೆಸಿದವರು 8.8 ಶೇಕಡಾ ಅಷ್ಟೇ. ಈ ಗುಡಿಯಲ್ಲಿ ಬಾಗುವವರೆಲ್ಲ ಆ ಕಾಲಮ್ಮಿನಲ್ಲಿ ಸಿಗುವುದಿಲ್ಲ.

ಕಡ್ಡಿ ನೆಡುವುದು ಎಡಗೈಯಿಂದ. ನಮ್ಮವರಿಗೆ ಕೈಯೇ ಏಳದು. ಎಡ ಮೇಲು ಎಂಬ ಅದೇ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಕಡಿಯುವುದು ಕೊಲ್ಲುವುದೆಲ್ಲ ಬಲಗೈ, ಹಾಗಾಗಿ ಶುದ್ಧವಾದದ್ದು ಎಡಗೈ. ನಡುವಿನ ಕಡ್ಡಿ ಮೊದಲು, ಉಳಿದೆರಡು ಅದರ ಆಚೀಚೆ, ಒಂದೇ ಸಾಲಿನಲ್ಲಿ ನೆಟ್ಟಗೆ. ನಡುವಿನ ಅಂತರ ಒಂದಂಗುಲ ಮೀರಬಾರದು. ಕೆಡುವುದು ಎಲ್ಲಿ ಎಂದರೆ, ಕುಂಡ ತುಂಬಿದಾಗ ದೂರದಿಂದ ಕೈ ಚಾಚಿ ಚುಚ್ಚಲು ಹೋಗುತ್ತೇವೆ. ಬೇರೆಯವರ ಕಡ್ಡಿಯ ಬಿಸಿ ಬೂದಿ ಮುರಿದು ಮಣಿಕಟ್ಟಿನ ಮೇಲೆ ಬೀಳುತ್ತದೆ. ಬೆಚ್ಚಿ ಕೈ ಎಳೆದುಕೊಂಡರೆ ನಾಲ್ಕು ಕಡ್ಡಿ ಉರುಳುತ್ತವೆ. ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗಿ, ಕುಂಡದ ಹತ್ತಿರದ ಅಂಚಿನಲ್ಲೇ ನೆಡಿ. ಗುಂಪಿನಲ್ಲಿ ನಡೆಯುವಾಗ ಕಡ್ಡಿ ತಲೆಗಿಂತ ಮೇಲಿರಲಿ, ಇಲ್ಲವಾದರೆ ಮುಂದಿನವರ ಬೆನ್ನಿನ ಬಟ್ಟೆಗೆ ತೂತು.

ಹಣ್ಣು ಒಯ್ಯುವುದಾದರೆ ಕಿತ್ತಳೆ, ಸೇಬು ಸುರಕ್ಷಿತ. ಅನಾನಸ್‌ಗೆ ವಿಶೇಷ ಮರ್ಯಾದೆ, ಹೊಕ್ಕಿಯನ್ನಿನಲ್ಲಿ ಅದರ ಹೆಸರು ‘ಐಶ್ವರ್ಯ ಬಂತು’ ಎನ್ನುವಂತೆ ಕೇಳಿಸುತ್ತದೆ. ಸೀತಾಫಲ ಬೇಡ, ಅದರ ಮೈ ಬುದ್ಧನ ತಲೆಯ ಗುಂಗುರಿನಂತಿದೆ ಎಂದು. ಸೀಬೆ, ಟೊಮ್ಯಾಟೊ ಕೂಡ ಬೇಡ. ಅವುಗಳ ಬೀಜ ಹೊಟ್ಟೆಯಲ್ಲಿ ಕರಗದೆ ಹಾಗೇ ಆಚೆ ಹೋಗುತ್ತದಲ್ಲ, ಅಂಥದ್ದನ್ನು ದೇವರ ಮುಂದೆ ಇಡುವುದುಂಟೇ! ಇಟ್ಟ ಹಣ್ಣನ್ನು ಕಡ್ಡಿ ಒಂದಿಷ್ಟು ಉರಿದ ಮೇಲೆ ಎತ್ತಿಕೊಂಡು ಮನೆಗೆ ಒಯ್ಯಬಹುದು.

ನೋಡಲೇಬೇಕಾದ್ದು ಪ್ರಸಾದ ಕೇಳುವ ಬಗೆ. ನಮ್ಮಲ್ಲಿ ದೇವರ ಬಲಗಡೆಯ ಹೂವು ಬಿದ್ದರೆ ಆಯಿತು ಎನ್ನುತ್ತೇವಲ್ಲ, ಅಲ್ಲಿ ಅದಕ್ಕೆ ಕೆಂಪು ಬಣ್ಣದ ಮರದ ತುಂಡುಗಳ ಜೋಡಿ. ಒಂದೊಂದೂ ಅರ್ಧಚಂದ್ರ, ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಮಂಡಿಯೂರಿ, ಹೆಸರು, ಹುಟ್ಟಿದ ದಿನ, ವಿಳಾಸ ಹೇಳಿ, ಒಂದೇ ಒಂದು ಪ್ರಶ್ನೆ ಕೇಳಬೇಕು. ಜೋಡಿಯನ್ನು ಎರಡು ಅಂಗೈ ನಡುವೆ ಎದೆಯ ಮಟ್ಟಕ್ಕೆ ಹಿಡಿದು ಬಿಡಬೇಕು, ಎಸೆಯಬಾರದು. ಒಂದು ಚಪ್ಪಟೆ ಒಂದು ಉಬ್ಬು ಮೇಲಾಗಿ ಬಿದ್ದರೆ ‘ಹೌದು’. ಎರಡೂ ಉಬ್ಬು ಮೇಲಾದರೆ ‘ಇಲ್ಲ’. ಎರಡೂ ಚಪ್ಪಟೆ ಮೇಲಾದರೆ ದೇವರು ನಕ್ಕರು ಎಂದರ್ಥ: ಪ್ರಶ್ನೆ ಗೊಂದಲದ್ದು, ಇಲ್ಲವೇ ಉತ್ತರ ನಿನಗೇ ಗೊತ್ತು. ‘ಈ ಕೆಲಸ ಬಿಡಲೋ ಇರಲೋ’ ಎಂದು ಕೇಳುವವರಿಗೆ ನಗು ಬಿದ್ದರೆ ತಪ್ಪು ಮರದ್ದಲ್ಲ, ‘ಬಿಡಲೇ’ ಎಂದಷ್ಟೇ ಕೇಳಬೇಕು.

ಸಂಖ್ಯೆಯ ಕಡ್ಡಿ ಎತ್ತುವುದು ಇದರ ಮುಂದಿನ ಹಂತ. ಬಿದಿರಿನ ಡಬ್ಬಿಯಲ್ಲಿ 60 ಅಥವಾ 100 ಕಡ್ಡಿಗಳು, ಒಂದೊಂದರ ಮೇಲೂ ಉತ್ತರ ಹೇಳುವ ಒಂದು ಪದ್ಯದ ಸಂಖ್ಯೆ. ಡಬ್ಬಿಯನ್ನು ಮುಂದಕ್ಕೆ ಓರೆ ಮಾಡಿ ಅಲುಗಾಡಿಸಿದರೆ ಒಂದು ಕಡ್ಡಿ ಉಳಿದವನ್ನು ಮೀರಿ ಮೇಲೇರಿ ಕೆಳಗೆ ಬೀಳುತ್ತದೆ. ಜೋರಾಗಿ ಕುಲುಕಿದರೆ ಮೂರು ನಾಲ್ಕು ಒಟ್ಟಿಗೆ ಉದುರುತ್ತವೆ, ಎಲ್ಲವನ್ನೂ ಹಾಕಿ ಮತ್ತೆ ಶುರು. ಬಿದ್ದ ಸಂಖ್ಯೆ ನಿಮ್ಮದೇ ಹೌದೇ ಎಂದು ಮತ್ತೆ ಚಂದ್ರತುಂಡು ಬಿಡಬೇಕು. ಕಟ್ಟುನಿಟ್ಟಿನವರು ಸತತ ಮೂರು ‘ಹೌದು’ ಬೇಕೆನ್ನುತ್ತಾರೆ. ಒಂದು ಸಲಕ್ಕೆ ಅರ್ಧ ಅವಕಾಶ ಎಂದು ಹಿಡಿದರೂ ಮೂರು ಸಲಕ್ಕೆ ಎಂಟರಲ್ಲಿ ಒಂದು. ರೈಲಿನ ಹೊತ್ತು ನೋಡಿಕೊಂಡು ಕೂರುವ ಕೆಲಸ ಅದಲ್ಲ.

ಕಟ್ಟಡದ ಬಗ್ಗೆ ‘ಒಂದೂ ಮೊಳೆ ಇಲ್ಲ’ ಎಂಬುದನ್ನು ಗೈಡುಗಳು ಬಾಯಿಪಾಠ ಒಪ್ಪಿಸುತ್ತಾರೆ. ಅಚ್ಚರಿ ಇರುವುದು ಮೊಳೆ ಇಲ್ಲದ್ದರಲ್ಲಲ್ಲ. ಕಂಬದ ತಲೆಯಲ್ಲಿ ಒಂದು ತುಂಡಿನ ತುದಿ ಇನ್ನೊಂದರ ಕಂಡಿಯಲ್ಲಿ ಕೂತು, ಮೇಲಿನ ಹೆಂಚಿನ ಭಾರವೇ ಅವುಗಳನ್ನು ಬಿಗಿಯುವುದರಲ್ಲಿ. ಅಂಗಳದಲ್ಲಿ ನಿಂತು ಸೂರಿನ ಬೆನ್ನನ್ನೂ ನೋಡಿ. ಅಲ್ಲಿನ ಡ್ರ್ಯಾಗನ್ನುಗಳ ಹುರುಪೆ ಬಣ್ಣ ಬಳಿದದ್ದಲ್ಲ. ಪಿಂಗಾಣಿ ಬಟ್ಟಲನ್ನು ಇಕ್ಕಳದಿಂದ ಚೂರು ಮಾಡಿ, ಒಂದೊಂದೇ ಚೂರನ್ನು ಗಾರೆಗೆ ಒತ್ತಿದ್ದು. ಬಟ್ಟಲಿನ ಬಾಗು ಹುರುಪೆಯ ಬಾಗಾಗುತ್ತದೆ. ಬೇಲಿಯ ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದಿಂದ. ಒಳಗೆ 1907ರಲ್ಲಿ ಚೀನಾದ ಚಕ್ರವರ್ತಿ ಗುವಾಂಗ್‌ಶು ಕಳಿಸಿದ ನಾಲ್ಕಕ್ಷರದ ಬರಹವಿದೆ, ದಕ್ಷಿಣದ ಕಡಲಲೆಗಳು ಶಾಂತವಾಗಿರಲಿ ಎಂದು ಅದರ ಹಾರೈಕೆ. 1973ರಲ್ಲಿ ಗುಡಿಯನ್ನು ರಾಷ್ಟ್ರೀಯ ಸ್ಮಾರಕ ಮಾಡಿದರು. 1998ರಿಂದ ಎರಡು ವರ್ಷ ನಡೆದ ಜೀರ್ಣೋದ್ಧಾರಕ್ಕೆ 2001ರಲ್ಲಿ ಯುನೆಸ್ಕೋದ ಮನ್ನಣೆ ಸಿಕ್ಕಿತು.

ಹೊರಬರುವಾಗ ಹುಲಿಯ ಬದಿ ಮರೆಯಬೇಡಿ. ಅದೇ ಬೀದಿಯಲ್ಲಿ ನಾಗೂರು ದರ್ಗಾ ಇದೆ. ಚೋಳಮಂಡಲ ಕರಾವಳಿಯಿಂದ ಬಂದ ಚೂಲಿಯಾ ಮುಸ್ಲಿಮರು 1828ರಿಂದ 1830ರ ನಡುವೆ ಕಟ್ಟಿದ್ದು. ಅದೂ ಕಡಲ ಪಯಣ ಕಾಯುವ ಸಂತನದೇ, ಅಲ್ಲಿ ಮಾತ್ರ ಚಪ್ಪಲಿ ಬಿಡಬೇಕು. ಗುಡಿಯ ಹಿಂಗೋಡೆಗೆ ಸುತ್ತಿಬಂದರೆ ಆಮೊಯ್ ಬೀದಿ. ಅಲ್ಲಿ ಯಿಪ್ ಯೂ ಚೋಂಗ್ 2017ರಲ್ಲಿ ಬರೆದ 44 ಮೀಟರ್ ಉದ್ದದ ಭಿತ್ತಿಚಿತ್ರ, ಫುಜಿಯನ್ನಿನಿಂದ ಹೊರಟ ವಲಸಿಗರ ಕತೆ. ಬಹಳ ಮಂದಿ ಎಡತುದಿಯಿಂದ ಶುರು ಮಾಡಿ, ಇಂದಿನ ಸಿಂಗಪುರದಿಂದ ಹೊರಟು ಹಿಂದಕ್ಕೆ ನಡೆದು ಹಡಗು ಹತ್ತುವಲ್ಲಿಗೆ ಮುಟ್ಟುತ್ತಾರೆ. ಹಳೆಯ ಚೀನೀ ಸುರುಳಿಯ ಹಾಗೆ ಅದನ್ನು ಓದಬೇಕಾದ್ದು ಬಲದಿಂದ ಎಡಕ್ಕೆ. ಈ ಸಲ ಬಲವೆಂದರೆ ನೋಡುವವರ ಬಲ.