ಕೋವಿಗೆ ತಕ್ಕ ಅಚ್ಚು

ಕೊಡಗಿನ ನಮ್ಮ ಐನ್‌ಮನೆಯ ಅಟ್ಟದಲ್ಲಿ ಇಕ್ಕಳದ ಹಾಗಿರುವ ಕಬ್ಬಿಣದ ಸಾಮಾನೊಂದಿತ್ತು. ಬಾಯಿ ತೆರೆದರೆ ಎರಡೂ ದವಡೆಗಳಲ್ಲಿ ಅರ್ಧರ್ಧ ನೆಲ್ಲಿಕಾಯಿಯಷ್ಟು ಗುಳಿ. ಹಳೆಯ ಕೇಪಿನ ಕೋವಿಗೆ ಸೀಸದ ಗುಂಡು ಎರೆಯುವ ಅಚ್ಚು ಅದು. "ಇದು ಆ ಕೋವಿಯದ್ದು, ಇನ್ನೊಂದಕ್ಕೆ ಆಗುವುದಿಲ್ಲ" ಎಂದು ಅಜ್ಜ ಹೇಳುತ್ತಿದ್ದರು. ಆ ಮಾತು ನನಗೆ ಅರ್ಥವಾದದ್ದು ಒಹಾಯೊಗೆ ಬಂದು ತಪ್ಪು ಅಚ್ಚು ಕೊಂಡ ಮೇಲೆ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ಗುಂಡು ಎರೆದುಕೊಳ್ಳಲು ಫೆಡರಲ್ ಪರವಾನಗಿ ಬೇಕಾಗಿಲ್ಲ, ಮಾರುವುದಾದರೆ ಬೇಕು. ಆದರೆ ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದನ್ನು ತಿಳಿಯದೆ ಗೆಳೆಯರ ಮಾತು ಕೇಳಿ ಮುಂದುವರಿಯುವ ನಮ್ಮ ಹುಡುಗರನ್ನು ಕಂಡರೆ ನನಗೆ ಭಯವಾಗುತ್ತದೆ. ನಾನು ಗ್ರೀನ್ ಕಾರ್ಡ್ ಬರುವವರೆಗೂ ಕಾದೆ. ಊರಿನಲ್ಲಂತೂ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಹಾಗಾಗಿ ಇದು ಇಲ್ಲಿಯ ಮಾತು.

ನನ್ನದು .38 ಸ್ಪೆಷಲ್ ರಿವಾಲ್ವರ್. ಭಾನುವಾರಗಳಂದು ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆಯುತ್ತೇನೆ. 9 ಮಿಲಿಮೀಟರ್ ಗುಂಡಿನ ಅಚ್ಚು ಅಗ್ಗಕ್ಕೆ ಸಿಕ್ಕಿತು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರವಲ್ಲವೇ ಎಂದುಕೊಂಡು ತಂದೆ. 9 ಮಿಲಿಮೀಟರ್‌ಗೆ ಎರೆಯುವ ಗುಂಡು ಸಾಮಾನ್ಯವಾಗಿ 0.356 ಇಂಚು, ಹೆಸರು .38 ಆದರೂ ನನ್ನ ರಿವಾಲ್ವರಿಗೆ ಬೇಕಾದದ್ದು 0.358. ವ್ಯತ್ಯಾಸ ಒಂದು ಕೂದಲೆಳೆಗಿಂತ ಕಡಿಮೆ. ಆದರೆ ಆ ಸಂದಿನಲ್ಲೇ ಬಿಸಿ ಅನಿಲ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಯ ಒಳಗೋಡೆಗೆ ಮೆತ್ತಿತು. ಐವತ್ತು ಸುತ್ತು ಹೊಡೆದು ಮನೆಗೆ ಬಂದು ನೋಡಿದರೆ, ಒಳಗಿನ ತಿರುಪು ಗೀರುಗಳೆಲ್ಲ ಬೂದು ಪದರದಡಿ ಮುಚ್ಚಿಹೋಗಿದ್ದವು. ಹಿತ್ತಾಳೆಯ ಬ್ರಷ್ಷಿನಲ್ಲಿ ಉಜ್ಜುತ್ತಾ ಒಂದಿಡೀ ಸಂಜೆ ಕಳೆಯಿತು.

ಮೊದಲು ಅಳೆ, ಆಮೇಲೆ ಕೊಳ್ಳು ಎಂದು ಪಕ್ಕದ ಮನೆಯ ಹಿರಿಯರೊಬ್ಬರು ಕಲಿಸಿದರು. ಮೆತ್ತನೆಯ ಶುದ್ಧ ಸೀಸದ ತುಂಡೊಂದನ್ನು ಖಾಲಿ ನಳಿಗೆಯೊಳಗೆ ಮೆಲ್ಲನೆ ತಳ್ಳಿ ಹೊರತೆಗೆದರು. ಅದರ ಮೈಮೇಲೆ ಗೀರುಗಳೆಲ್ಲ ಮೂಡಿದ್ದವು. ಮೈಕ್ರೋಮೀಟರ್‌ನಲ್ಲಿ ಅಳೆದರು. ಎರೆದ ಗುಂಡು ಅದಕ್ಕಿಂತ ಇಂಚಿನ ಸಾವಿರದ ಒಂದು ಭಾಗದಷ್ಟು ದಪ್ಪಗಿರಬೇಕು. ರಿವಾಲ್ವರ್ ಆದರೆ, ತೋಟೆಗಳು ಕೂರುವ ಸಿಲಿಂಡರಿನ ಕುಳಿಗಳ ಮುಂಬಾಯಿಗಳನ್ನೂ ನೋಡಬೇಕು. ಅವು ನಳಿಗೆಗಿಂತ ಕಿರಿದಾಗಿದ್ದರೆ, ಎಷ್ಟೇ ಸರಿಯಾದ ಗುಂಡಾದರೂ ಅಲ್ಲೇ ಹಿಂಡಿಕೊಂಡು ಸಣ್ಣದಾಗುತ್ತದೆ.

ಅಚ್ಚಿನ ಲೋಹದ ವಿಷಯದಲ್ಲಿ ನನ್ನ ಒಲವು ಕಬ್ಬಿಣದ ಕಡೆಗೆ. ಅಲ್ಯೂಮಿನಿಯಂ ಹಗುರ, ಬೇಗ ಕಾಯುತ್ತದೆ, ತುಕ್ಕಿನ ಚಿಂತೆಯಿಲ್ಲ, ಬೆಲೆಯೂ ಕಡಿಮೆ. ಆದರೆ ಮೆದು, ಒರಟಾಗಿ ಬಳಸಿದರೆ ಅಂಚು ಕೆಡುತ್ತದೆ. ಹಿತ್ತಾಳೆ ಚೆನ್ನ, ತುಟ್ಟಿ. ಕಬ್ಬಿಣದ್ದು ಕಾಯಲು ತಡಮಾಡಿದರೂ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಕ್ಕಳ ಕಾಲಕ್ಕೂ ಉಳಿಯುತ್ತದೆ. ತುಕ್ಕು ಹಿಡಿಯದಂತೆ ಎಣ್ಣೆ ಸವರಿಡಬೇಕು, ಎರೆಯುವ ಮುನ್ನ ಅದನ್ನು ಪೂರ್ತಿ ತೊಳೆಯಬೇಕು. ಎಣ್ಣೆಯ ಅಂಶ ಉಳಿದರೆ ಗುಂಡಿನ ಮೈ ಒಣಗಿದ ಖರ್ಜೂರದಂತೆ ಸುಕ್ಕಾಗಿ ಬರುತ್ತದೆ. ಗುಳಿಗಳು ಎರಡಿದ್ದರೆ ನನ್ನಂಥವನಿಗೆ ಸಾಕು. ನಾಲ್ಕು ಗುಳಿಯ ಕಬ್ಬಿಣದ ಅಚ್ಚು ಅರ್ಧ ಗಂಟೆಯಲ್ಲಿ ಮಣಿಕಟ್ಟು ಸೋಲಿಸುತ್ತದೆ.

ಆಕಾರದಲ್ಲಿ ನಾನು ಆರಿಸಿದ್ದು 158 ಗ್ರೇನ್ ತೂಕದ, ಮೂತಿ ಚಪ್ಪಟೆಯಾದ ಸೆಮಿ-ವಾಡ್‌ಕಟರ್. ಗ್ರೇನ್ ಎಂದರೆ ನಮ್ಮವರಿಗೆ ದೂರದ ಅಳತೆಯೇನಲ್ಲ: ನಮ್ಮ ಅಕ್ಕಸಾಲಿಗರ ತೊಲ 180 ಗ್ರೇನ್. ಈ ಗುಂಡು ತೊಲಕ್ಕಿಂತ ಕೊಂಚ ಹಗುರ. ಕಾಗದದಲ್ಲಿ ಅಂಚು ಹರಿಯದ ಗುಂಡನೆಯ ತೂತು ಮಾಡುತ್ತದೆ, ಅಂಕ ಎಣಿಸುವಾಗ ವಾದವೇ ಇಲ್ಲ. .38ರ ಸಾಧಾರಣ ವೇಗಕ್ಕೆ ಬುಡದಲ್ಲಿ ತಾಮ್ರದ ಬಿಲ್ಲೆ ಬೇಕಿಲ್ಲ, ಆದ್ದರಿಂದ ಬರಿಯ ಬುಡದ ಅಚ್ಚನ್ನೇ ಕೊಂಡೆ.

ಸೀಸ ವಿಷ. 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಅದರೊಳಗೆ ಒಂದು ಹನಿ ನೀರು ಬಿದ್ದರೂ ಸಿಡಿದು ಮುಖಕ್ಕೆ ಹಾರುತ್ತದೆ. ಅಡುಗೆಮನೆಯ ಹತ್ತಿರ ಈ ಕೆಲಸ ಕೂಡದು. ಬಾಗಿಲು ಪೂರ್ತಿ ತೆರೆದ ಶೆಡ್ಡಿನಲ್ಲಿ, ಕನ್ನಡಕ ಮತ್ತು ಚರ್ಮದ ಕೈಗವಸು ಹಾಕಿಕೊಂಡು ಎರೆಯುತ್ತೇನೆ. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯುತ್ತೇನೆ, ಕೈ ತೊಳೆಯದೆ ಮಗಳನ್ನು ಮುಟ್ಟುವುದಿಲ್ಲ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಅವಳಿಗೆ ಆರು ವರ್ಷ. ಶೆಡ್ಡಿನ ಹೊಸ್ತಿಲು ದಾಟಲು ಅವಳಿಗೆ ಅನುಮತಿಯಿಲ್ಲ.

ಹೊಸ ಅಚ್ಚಿನ ಮೊದಲ ಹತ್ತಿಪ್ಪತ್ತು ಗುಂಡು ಸುಕ್ಕಾಗಿಯೇ ಬಂದವು, ಮತ್ತೆ ಪಾತ್ರೆಗೆ ಹಾಕಿದೆ. ಅಚ್ಚು ಕಾದ ಮೇಲೆ ಬೆಳ್ಳಿಯಂತೆ ಹೊಳೆಯುವವು ಬೀಳತೊಡಗಿದವು. ಆರಿದ ಒಂದನ್ನು ತೆಗೆದು ಖಾಲಿ ಸಿಲಿಂಡರಿನ ಕುಳಿಯ ಮುಂಬಾಯಿಗೆ ಇಟ್ಟೆ. ತಾನಾಗಿ ಜಾರಲಿಲ್ಲ. ಬೆರಳಿನಿಂದ ಮೆಲ್ಲನೆ ಒತ್ತಿದೆ, ಒಂದೇ ಬಿಗಿಯಲ್ಲಿ ಸಾಗಿ ಆಚೆಗೆ ನನ್ನ ಅಂಗೈಗೆ ಬಿತ್ತು.