ಎಂಎಸ್‌ಡಬ್ಲ್ಯೂ ಮಾಡಲಾ, ಕೌನ್ಸೆಲಿಂಗ್ ಮಾಡಲಾ?

ಡಿಗ್ರಿ ರಿಸಲ್ಟ್ ಬರುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. "ಅಕ್ಕಾ, ಜನರ ಜೊತೆ ಕೆಲಸ ಮಾಡಬೇಕು ಅಂತ ಆಸೆ. ಎಂಎಸ್‌ಡಬ್ಲ್ಯೂ ಸೇರಲಾ, ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂಎಸ್ಸಿ ಮಾಡಲಾ?" ನಾನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು. ಹನ್ನೊಂದು ವರ್ಷದಿಂದ ಆಸ್ಪತ್ರೆಯೊಂದರ ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಮಾಜಕಾರ್ಯಕರ್ತೆ. ಪಕ್ಕದ ಕೋಣೆಯಲ್ಲಿ ಕೂರುವ ನನ್ನ ಗೆಳತಿ ಕೌನ್ಸೆಲರ್. ಎರಡು ಕೆಲಸವನ್ನೂ ದಿನಾ ಹತ್ತಿರದಿಂದ ನೋಡುತ್ತೇನೆ, ಹಾಗಾಗಿ ನಮ್ಮಲ್ಲಿಗೆ ಬಂದ ಇಬ್ಬರ ಕತೆ ಹೇಳಿಯೇ ಉತ್ತರ ಶುರು ಮಾಡುತ್ತೇನೆ.

ಸ್ಕಿಜೋಫ್ರೇನಿಯಾ ಇದ್ದ ಒಬ್ಬ ಹುಡುಗ ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಿದ್ದ, ಆಮೇಲೆ ಬರುವುದು ನಿಂತಿತು. ಫೈಲಿನಲ್ಲಿ "ಮಾತ್ರೆ ಬಿಟ್ಟಿದ್ದಾನೆ" ಅಂತಷ್ಟೇ ಬರೆದಿತ್ತು. ಮನೆಗೆ ಹೋಗಿ ನೋಡಿದೆ. ಅಮ್ಮ ಕೂಲಿಗೆ ಹೋಗುವವರು. ಆಸ್ಪತ್ರೆಗೆ ಬಂದರೆ ಅವತ್ತಿನ ಕೂಲಿ ಹೋಯಿತು, ಮೇಲೆ ಇಬ್ಬರ ಬಸ್ ಚಾರ್ಜು. ಮಾತ್ರೆ ಬೇಡ ಅಂತ ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗುತ್ತಾರೆ ಅಂತ ಹೇಳಿ ಅಲ್ಲಿಗೆ ಜೋಡಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ ಅಂತ ಆ ತಾಯಿಗೆ ಗೊತ್ತೇ ಇರಲಿಲ್ಲ. ಪ್ರಮಾಣಪತ್ರ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು, ಪಿಂಚಣಿ ಅರ್ಜಿ ಅಂತ ತಿಂಗಳುಗಟ್ಟಲೆ ಓಡಾಡಿದೆವು. ಹುಡುಗ ಮತ್ತೆ ಮಾತ್ರೆ ಶುರು ಮಾಡಿದ.

ಇನ್ನೊಬ್ಬಳು ಕಾಲೇಜು ಹುಡುಗಿ. ಅಪ್ಪ ತೀರಿಕೊಂಡ ಮೇಲೆ ನಿದ್ದೆಯೇ ಇಲ್ಲ. ನಾನು ಎರಡು ಸಲ ಕೂತು ಮಾತಾಡಿದೆ. ಮಾತಾಡುತ್ತಾ ಮಾತಾಡುತ್ತಾ ನನ್ನ ತಲೆ ಹಾಸ್ಟೆಲ್ ಫೀಸು, ಸ್ಕಾಲರ್‌ಶಿಪ್ಪಿನ ಕಡೆಗೇ ಹೋಗುತ್ತಿತ್ತು. ಅವಳೇ ತಡೆದು, "ಮೇಡಂ, ದುಡ್ಡಿನ ವಿಷಯ ಆಮೇಲೆ ನೋಡೋಣ" ಅಂದಳು. ಗೆಳತಿಗೆ ಒಪ್ಪಿಸಿದೆ. ಅವಳು ಆ ಹುಡುಗಿಯ ಜೊತೆ ವಾರಕ್ಕೊಮ್ಮೆ ಒಂದು ಗಂಟೆ, ಸುಮಾರು ಐದು ತಿಂಗಳು ಕೂತಳು. ಗೆಳತಿ ಎಷ್ಟೋ ಹೊತ್ತು ಸುಮ್ನೆ ಇರುತ್ತಿದ್ದಳಂತೆ. ಎದುರಿಗಿದ್ದವರು ಅಳುವಾಗ ಏನೂ ಪರಿಹಾರ ಹೇಳದೆ ಜೊತೆಗಿರುವುದನ್ನು ಅವಳು ಎರಡು ವರ್ಷ ಸೂಪರ್‌ವೈಸರ್ ಎದುರು ಕಲಿತಿದ್ದಾಳೆ. ನನ್ನ ಎಂಎಸ್‌ಡಬ್ಲ್ಯೂನಲ್ಲಿ ಕೌನ್ಸೆಲಿಂಗ್‌ಗೆ ಇದ್ದದ್ದು ಒಂದೇ ಪೇಪರ್.

ಅದಕ್ಕೇ ಕೇಳಿದವರಿಗೆ ನಾನು ತಿರುಗಿ ಕೇಳುತ್ತೇನೆ: ಯಾರಾದರೂ ಕಷ್ಟ ಹೇಳಿಕೊಂಡಾಗ ನಿಮ್ಮ ಮನಸ್ಸು ಮೊದಲು ಎಲ್ಲಿಗೆ ಹೋಗುತ್ತದೆ? ಅವರ ಮನೆ, ದುಡಿಮೆ, ಅತ್ತೆ-ಮಾವ, ತಾಲ್ಲೂಕು ಕಚೇರಿ ಇವೆಲ್ಲ ಕಣ್ಣ ಮುಂದೆ ಬರುತ್ತದಾ, ಇಲ್ಲಾ ಅವರ ಒಳಗೆ ಏನು ನಡೀತಿದೆ ಅಂತ ಕೇಳುತ್ತಲೇ ಇರಬೇಕು ಅನ್ನಿಸುತ್ತದಾ? ಎರಡೂ ಬೇಕಾದ ಕೆಲಸವೇ. ಆದರೆ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದಕ್ಕೆ ಸೇರಿದರೆ ಎರಡು ವರ್ಷ ಕಷ್ಟವಾಗುತ್ತದೆ. ಫೀಲ್ಡ್ ವರ್ಕ್ ಅಂದರೆ ಬೇಜಾರು ಅನ್ನುವವರು ದಯವಿಟ್ಟು ಎಂಎಸ್‌ಡಬ್ಲ್ಯೂಗೆ ಬರಬೇಡಿ. ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ಹೊರಗೇ ಇರುತ್ತೀರಿ, ಜೊತೆಗೆ ಗ್ರಾಮೀಣ ಶಿಬಿರ, ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಕೆಲವು ವಾರ ಒಂದೇ ಸಂಸ್ಥೆಯಲ್ಲಿ ಸತತ ಕೆಲಸ.

ಸೇರುವ ಬಾಗಿಲೂ ಬೇರೆ ಬೇರೆ. ಎಂಎಸ್‌ಡಬ್ಲ್ಯೂಗೆ ಸಾಮಾನ್ಯವಾಗಿ ಬಿಕಾಂ, ಬಿಎಸ್ಸಿ, ಯಾವ ಡಿಗ್ರಿ ಆದರೂ ನಡೆಯುತ್ತದೆ. ಕೌನ್ಸೆಲಿಂಗ್ ಸೈಕಾಲಜಿಗೆ ಎಷ್ಟೋ ಕಡೆ ಡಿಗ್ರಿಯಲ್ಲಿ ಸೈಕಾಲಜಿ ಓದಿರಬೇಕು. ದೂರಶಿಕ್ಷಣದಲ್ಲಿ ಮಾಡಿಕೊಳ್ಳೋಣ ಅನ್ನುವವರಿಗೆ ಒಂದು ಮಾತು: 2025ರ ಜುಲೈ-ಆಗಸ್ಟ್‌ನಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಹೊಸದಾಗಿ ಕಲಿಸಬಾರದು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೇಳಿದೆ. ಹಳೆಯ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ.

ಕಾನೂನಿನ ಕಡೆ ಯಾರೂ ಜಾಸ್ತಿ ಗಮನ ಕೊಡುವುದಿಲ್ಲ, ಆಮೇಲೆ ಬೇಸರ ಪಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಯಾರು ಅಂತ ಬಿಡಿಸಿ ಹೇಳಿದ್ದಾರೆ. ಎರಡನೆಯದಕ್ಕೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಎಂ.ಫಿಲ್ ಬೇಕು; ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಹೆಸರಾದ ಜಾಗ. ಕೌನ್ಸೆಲರ್ ಅನ್ನುವ ಹುದ್ದೆಗೆ ಆ ಕಾಯ್ದೆಯಲ್ಲಿ ಅಂಥ ವ್ಯಾಖ್ಯಾನ ಇಲ್ಲ. ಎಂಎಸ್ಸಿ ಕೌನ್ಸೆಲಿಂಗ್ ಮುಗಿಸಿದ ಕೂಡಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕುವ ಹಾಗೂ ಇಲ್ಲ. ಎಂ.ಫಿಲ್ ಪದವಿಯನ್ನೇ ಯುಜಿಸಿ ನಿಲ್ಲಿಸಿದ್ದು 2022ರಲ್ಲಿ. ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಈ ಎರಡು ವಿಷಯಗಳಿಗೆ ಮಾತ್ರ 2025-26ರ ತನಕ ಮಾನ್ಯತೆ ಮುಂದುವರಿಸಿತ್ತು. ಹಾಗಾಗಿ ಆ ದಾರಿ ಹಿಡಿಯುವವರು ನೀವು ಸೇರುವ ವರ್ಷದ ನಿಯಮವನ್ನು ಸಂಸ್ಥೆಯಲ್ಲೇ ಕೇಳಿ ತಿಳಿದುಕೊಳ್ಳಿ.

ಕೆಲಸದ ವಿಷಯಕ್ಕೆ ಬಂದರೆ ಎಂಎಸ್‌ಡಬ್ಲ್ಯೂ ಅಗಲವಾದದ್ದು. ಆಸ್ಪತ್ರೆ, ಎನ್‌ಜಿಒ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೊಳಗಾದ ಹೆಂಗಸರಿಗಾಗಿ ಇರುವ ಸಖಿ ಕೇಂದ್ರ, ಕಂಪನಿಗಳ ಎಚ್‌ಆರ್, ಎಲ್ಲ ಕಡೆ ನಮ್ಮವರು ಸಿಗುತ್ತಾರೆ. ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ಆಪ್ತ ಸಮಾಲೋಚಕರಾಗಿಯೂ ಎಂಎಸ್‌ಡಬ್ಲ್ಯೂ ಮಾಡಿದವರಿದ್ದಾರೆ. ಸಣ್ಣ ಊರಿನಲ್ಲೇ ಇರಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಆದರೆ ಗುತ್ತಿಗೆ ಹುದ್ದೆಗಳೇ ಜಾಸ್ತಿ, ಸಂಬಳ ತಡವಾಗುವುದೂ ಉಂಟು. ಕೌನ್ಸೆಲರ್‌ಗಳಿಗೆ ಶಾಲೆ-ಕಾಲೇಜು, ಖಾಸಗಿ ಆಸ್ಪತ್ರೆ, ಸ್ವಂತ ಪ್ರಾಕ್ಟೀಸ್ ಇದೆ, ಅದೂ ಬೆಂಗಳೂರಿನಂಥ ಊರಲ್ಲಿ ಜಾಸ್ತಿ. ಸ್ವಂತ ಪ್ರಾಕ್ಟೀಸಿನಲ್ಲಿ ಮೊದಲ ಕೆಲವು ವರ್ಷ ಮನೆಯವರ ಆಸರೆ ಬೇಕಾಗಬಹುದು. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಕೋರ್ಸ್ ಯಾವುದೇ ಇರಲಿ, ಕಾಲೇಜು ನೋಡಿ ಸೇರಿ. ನನ್ನ ಫೀಲ್ಡ್ ವರ್ಕ್ ವರದಿಗಳನ್ನು ಒಂದು ಸೆಮಿಸ್ಟರ್ ಪೂರ್ತಿ ಯಾರೂ ಓದಲಿಲ್ಲ, ಸಹಿ ಮಾತ್ರ ಬಿತ್ತು. ಮುಂದಿನ ಸೆಮಿಸ್ಟರಿನಲ್ಲಿ ಬಂದ ಮೇಡಂ ಪ್ರತಿ ಸಾಲಿನ ಪಕ್ಕ ಬರೆಯುತ್ತಿದ್ದರು, "ಆಗ ಆ ಹೆಂಗಸು ಏನಂದಳು? ನೀನು ಏನಂದೆ? ಯಾಕೆ ಹಾಗಂದೆ?" ನಾನು ಇವತ್ತು ಏನಾದರೂ ಕೆಲಸ ಬಲ್ಲೆ ಅಂದರೆ ಆ ಆರು ತಿಂಗಳಿಂದ. ಆದ್ದರಿಂದ ಅಡ್ಮಿಷನ್‌ಗೆ ಹೋದಾಗ ಕಟ್ಟಡ ನೋಡಿ ವಾಪಸ್ ಬರಬೇಡಿ. ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ಫೀಲ್ಡಿಗೆ ಎಲ್ಲಿಗೆ ಕಳಿಸುತ್ತಾರೆ, ನಿಜವಾದ ಕ್ಲೈಂಟ್ ಜೊತೆ ಎಷ್ಟು ಗಂಟೆ ಸಿಗುತ್ತದೆ, ನೀವು ಬರೆದದ್ದನ್ನು ಯಾರು ಓದುತ್ತಾರೆ.